ಆರಾಮವಾಗಿದೆ ಎಂದು ಮಾತ್ರೆ ಬಿಡಬೇಡಿ

ಕ್ಯಾನ್ಸರ್ ಚಿಕಿತ್ಸೆ ಎಂದ ಕೂಡಲೇ ನಿಮ್ಮ ಕಣ್ಣೆದುರಿಗೆ ಬರುವುದು ಉದುರಿದ ಕೂದಲು, ನಿಲ್ಲದ ವಾಂತಿ, ಕೈಗೆ ಚುಚ್ಚಿದ ಡ್ರಿಪ್. ಆದರೆ ದಿನಕ್ಕೊಮ್ಮೆ ಊಟದ ಜೊತೆ ಮಾತ್ರೆ ನುಂಗಿ ಕೆಲಸಕ್ಕೆ ಹೋಗುವ ಕ್ಯಾನ್ಸರ್ ರೋಗಿಗಳೂ ನಮ್ಮ ನಡುವೆ ಇದ್ದಾರೆ. ಸಿ.ಎಂ.ಎಲ್. ಎಂಬ ರಕ್ತದ ಕ್ಯಾನ್ಸರ್ ಇರುವ ಹೆಚ್ಚಿನವರ ಸ್ಥಿತಿ ಇಂದು ಹೀಗಿದೆ.

ಈ ರೋಗದಲ್ಲಿ 9 ಮತ್ತು 22ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಹೊಸದೊಂದು ಪ್ರೋಟೀನ್ ಹುಟ್ಟಿಕೊಳ್ಳುತ್ತದೆ. ಆರಿಸಲಾಗದ ಸ್ವಿಚ್ಚಿನಂತೆ ಅದು ಬಿಳಿ ರಕ್ತಕಣಗಳನ್ನು ಹೆಚ್ಚಿಸುತ್ತಲೇ ಇರುತ್ತದೆ. ಹಿಂದೆ ಇಂಟರ್‌ಫೆರಾನ್ ಚುಚ್ಚುಮದ್ದು ಅಥವಾ ಅಸ್ಥಿಮಜ್ಜೆಯ ಕಸಿ ಬಿಟ್ಟರೆ ಹೆಚ್ಚಿನ ದಾರಿಯಿರಲಿಲ್ಲ. 2001ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇಮಾಟಿನಿಬ್ ನೇರವಾಗಿ ಆ ಸ್ವಿಚ್ಚಿಗೇ ಕೈ ಹಾಕಿತು. ಟಾರ್ಗೆಟೆಡ್ ಥೆರಪಿ ಎಂದರೆ ಇದೇ. ತಿಂಗಳಿಗೆ ಲಕ್ಷ ರೂಪಾಯಿ ಮೀರುತ್ತಿದ್ದ ಈ ಔಷಧಿಯ ಪೇಟೆಂಟ್ ಅರ್ಜಿಯನ್ನು 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಭಾರತೀಯ ಕಂಪೆನಿಗಳ ಅಗ್ಗದ ಮಾತ್ರೆಗಳು ಬಡವರ ಕೈಗೆ ಸಿಗುತ್ತಿರುವುದರ ಹಿಂದೆ ಆ ತೀರ್ಪಿದೆ.

ಇಷ್ಟಾದ ಮೇಲೂ ಕೆಲವರು ಮಾತ್ರೆ ಬಿಡುತ್ತಾರೆ. ಏಕೆ?

ಗ್ಯಾರೇಜಿನಲ್ಲಿ ದುಡಿಯುವ ಯುವಕನೊಬ್ಬ ತಾಯಿಯೊಂದಿಗೆ ನನ್ನ ದವಾಖಾನೆಗೆ ಬಂದಿದ್ದ. "ಹಕೀಂ ಸಾಹೇಬ್ರೇ, ರಕ್ತ ನಾರ್ಮಲ್ ಆಗಿದೆ. ಆ ಮಾತ್ರೆಯಿಂದ ಬೆಳಿಗ್ಗೆ ಕಣ್ಣು ಊದಿಕೊಳ್ಳುತ್ತೆ, ರಾತ್ರಿ ಮೀನಖಂಡ ಸೆಳೆಯುತ್ತೆ. ಇನ್ನು ನಿಮ್ಮ ಔಷಧಿಯೇ ಸಾಕು" ಎಂದ. ಮಾತ್ರೆ ಬಿಟ್ಟು ಆಗಲೇ ಆರು ವಾರವಾಗಿತ್ತು. ಅವನಿಗೆ ನಾನು ಯಾವ ಮಾಜೂನನ್ನೂ ಕೊಡಲಿಲ್ಲ. ಅದೇ ದಿನ ಕ್ಯಾನ್ಸರ್ ಆಸ್ಪತ್ರೆಗೆ ಕಳುಹಿಸಿದೆ. ಸಾಮಾನ್ಯ ರಕ್ತ ಪರೀಕ್ಷೆಯಲ್ಲಿ ಎಲ್ಲವೂ ಸರಿಯಿತ್ತು, ಆದರೆ ಪಿ.ಸಿ.ಆರ್. ವರದಿಯಲ್ಲಿ ರೋಗ ಮತ್ತೆ ತಲೆಯೆತ್ತಿತ್ತು. ಅಲ್ಲಿನ ವೈದ್ಯರು ಔಷಧಿ ಬದಲಿಸಿ ಡಸಾಟಿನಿಬ್ ಆರಂಭಿಸಿದರು. ಕಣ್ಣಿನ ಊತ, ಸೆಳೆತಗಳನ್ನು ಮೊದಲೇ ಹೇಳಿಕೊಂಡಿದ್ದರೆ ಅವಕ್ಕೂ ಅಲ್ಲಿ ಪರಿಹಾರವಿತ್ತು.

ಯುನಾನಿ ಪದವೀಧರನಾಗಿಯೇ ಹೇಳುತ್ತೇನೆ, ಈ ಮಾತ್ರೆಗೆ ನಮ್ಮಲ್ಲಿ ಬದಲಿ ಇಲ್ಲ. ಇದೆ ಎನ್ನುವವರನ್ನು ನಂಬಬೇಡಿ. ಈ ಔಷಧಿಗಳು ಯಕೃತ್ತಿನಲ್ಲಿ ಕರಗುತ್ತವೆ. ಕೆಲವು ಗಿಡಮೂಲಿಕೆಗಳು ಮತ್ತು ಚಕ್ಕೋತದಂತಹ ಹಣ್ಣುಗಳು ರಕ್ತದಲ್ಲಿ ಅವುಗಳ ಪ್ರಮಾಣವನ್ನು ಏರುಪೇರು ಮಾಡಬಲ್ಲವು. ಲೋಹಗಳಿಂದ ತಯಾರಿಸಿದ ಕುಷ್ತಾಗಳ ತಂಟೆಯಂತೂ ಬೇಡವೇ ಬೇಡ. ಏನೇ ಸೇವಿಸುತ್ತಿದ್ದರೂ ಕ್ಯಾನ್ಸರ್ ವೈದ್ಯರ ಮುಂದೆ ಬಾಟಲಿ ಸಮೇತ ಇಡಿ, ಮುಚ್ಚಿಡಬೇಡಿ. ಮಗು ಬೇಕೆಂದಿರುವ ಮಹಿಳೆಯರು ಗರ್ಭ ನಿಲ್ಲುವ ಮೊದಲೇ ಅವರೊಂದಿಗೆ ಮಾತಾಡಬೇಕು.

ರಮಝಾನ್‌ನಲ್ಲಿ ಪ್ರಶ್ನೆಗಳು ಹೆಚ್ಚು. ಇಮಾಟಿನಿಬ್ಅನ್ನು ಊಟದೊಂದಿಗೆ, ದೊಡ್ಡ ಲೋಟ ನೀರಿನೊಂದಿಗೆ ಸೇವಿಸಬೇಕು. ದಿನಕ್ಕೊಮ್ಮೆ ಸೇವಿಸುವವರಿಗೆ ಇಫ್ತಾರ್ ನಂತರದ ಊಟದ ಹೊತ್ತು ಹೊಂದಬಹುದು. ನಿಲೋಟಿನಿಬ್ ಹಾಗಲ್ಲ. ಅದನ್ನು ಸಾಮಾನ್ಯವಾಗಿ ಹನ್ನೆರಡು ಗಂಟೆಗೊಮ್ಮೆ, ಖಾಲಿ ಹೊಟ್ಟೆಯಲ್ಲಿ ನುಂಗಬೇಕು. ಉಪವಾಸಕ್ಕೆ ಮುಂಚೆ ವೈದ್ಯರನ್ನು ಕೇಳಿ. ಅವರು ಬೇಡವೆಂದರೆ, ರೋಗಿಗೆ ವಿನಾಯಿತಿ ಇದ್ದೇ ಇದೆ.

"ಜೀವನವಿಡೀ ನುಂಗಬೇಕೇ?" ಎಂದು ನೀವು ಕೇಳಬಹುದು. ಹಲವು ವರ್ಷ ಪಿ.ಸಿ.ಆರ್.ನಲ್ಲಿ ರೋಗದ ಸುಳಿವು ತೀರಾ ಕಡಿಮೆ ಇರುವ ಕೆಲವರಲ್ಲಿ ವೈದ್ಯರೇ ಈಗ ಮಾತ್ರೆ ನಿಲ್ಲಿಸಿ ನೋಡುತ್ತಾರೆ. ಹಾಗೆ ನಿಲ್ಲಿಸಿದವರಲ್ಲೂ ಬಹಳಷ್ಟು ಮಂದಿಗೆ ರೋಗ ಮರುಕಳಿಸುತ್ತದೆ, ಹೆಚ್ಚಾಗಿ ಮೊದಲ ಆರು ತಿಂಗಳಲ್ಲಿ. ಆದ್ದರಿಂದ ಆ ಅವಧಿಯಲ್ಲಿ ತಿಂಗಳು ತಿಂಗಳೂ ಪರೀಕ್ಷೆ ಇರುತ್ತದೆ. ಪತ್ತೆಯಾದ ಕೂಡಲೇ ಮತ್ತೆ ಮಾತ್ರೆ ಆರಂಭಿಸಿದರೆ ಬಹುತೇಕರಲ್ಲಿ ರೋಗ ಹಿಡಿತಕ್ಕೆ ಬರುತ್ತದೆ.