ಎಳೆಯ ಚಿತ್ರಕಾರನೂ ಸ್ವಂತ ಶೈಲಿಯೂ

ನಮ್ಮ ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ವಿದ್ಯಾರ್ಥಿಗಳ ಚಿತ್ರಗಳಿಗಾಗಿ ಕೆಲವು ಪುಟಗಳನ್ನು ಮೀಸಲಿಡುವುದು ಬಹು ಕಾಲದ ವಾಡಿಕೆ. ಹಿಂದೆ ಈ ಚಿತ್ರಗಳು ಬಿಳಿಯ ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ ನಮ್ಮ ಕೈಸೇರುತ್ತಿದ್ದವು. ಈಗ ಬರುವವುಗಳಲ್ಲಿ ಬಹಳಷ್ಟು ಮೊಬೈಲ್ ಫೋನಿನಲ್ಲಿಯೋ ಟ್ಯಾಬ್ಲೆಟ್ಟಿನಲ್ಲಿಯೋ ಶಾಲೆಯ ಕಂಪ್ಯೂಟರಿನಲ್ಲಿಯೋ ಬರೆದ ಡಿಜಿಟಲ್ ಚಿತ್ರಗಳು. ಸಲಕರಣೆ ಹೊಸದಾದರೂ ಮಕ್ಕಳು ನಮ್ಮೊಡನೆ ಕೇಳುವ ಪ್ರಶ್ನೆ ಹಳೆಯದೇ: “ಸರ್, ನನ್ನ ಚಿತ್ರ ಎಲ್ಲರ ಚಿತ್ರದಂತೆಯೇ ಕಾಣುತ್ತದೆ. ನನ್ನದೇ ಆದ ಶೈಲಿ ಬರುವುದು ಹೇಗೆ?” ಈ ಪ್ರಶ್ನೆಗೆ ನಮಗೆ ತಿಳಿದಷ್ಟು ಉತ್ತರವನ್ನು ಬರೆಯುವುದೇ ಈ ಲೇಖನದ ಉದ್ದೇಶ. ಅದಕ್ಕೆ ಮುಂಚೆ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ.

ಕೆಲವು ಕಾಲದ ಹಿಂದೆ ಶಾಲೆಯ ಕಲಾಪ್ರದರ್ಶನದಲ್ಲಿ ಒಬ್ಬ ವಿದ್ಯಾರ್ಥಿಯು ತನ್ನ ಚಿತ್ರವನ್ನು ತೂಗುಹಾಕಿದ್ದನು. ಜಪಾನೀ ಚಿತ್ರಕಥೆಗಳಲ್ಲಿ ಕಾಣುವಂತೆ ದೊಡ್ಡ ಹೊಳೆಯುವ ಕಣ್ಣುಗಳ, ಗಾಳಿಗೆ ಹಾರುವ ಕೂದಲಿನ ಒಬ್ಬ ವೀರನ ಚಿತ್ರವದು. ನಾವು ಅದರ ಮುಂದೆ ನಿಂತು, ಅವನ ತಂದೆತಾಯಿಗಳ ಎದುರಿನಲ್ಲಿಯೇ, “ಇದು ಯಾರದು? ನಿನ್ನದಲ್ಲವಷ್ಟೆ” ಎಂದುಬಿಟ್ಟೆವು. ಹುಡುಗನು ಮರುಮಾತಾಡಲಿಲ್ಲ. ಅಂದು ಸಂಜೆಯೇ ಫೋನಿನಲ್ಲಿದ್ದ ತನ್ನ ಚಿತ್ರಗಳನ್ನೆಲ್ಲ ಅಳಿಸಿಹಾಕಿದನೆಂದೂ ಆಮೇಲೆ ಚಿತ್ರ ಬರೆಯುವುದನ್ನೇ ಬಿಟ್ಟನೆಂದೂ ನಮಗೆ ತಿಳಿದುಬಂದುದು ಬಹಳ ದಿನಗಳ ಅನಂತರ. ಅನುಕರಣೆಯು ಕಲಿಕೆಯ ಮೊದಲ ಮೆಟ್ಟಿಲೆಂಬುದನ್ನು ಬಿ.ಎಡ್. ತರಗತಿಯಲ್ಲಿ ಓದಿದ್ದ ನಾವೇ ಆ ಹೊತ್ತಿಗೆ ಅದನ್ನು ಮರೆತಿದ್ದೆವು.

ಶೈಲಿಯೆಂದರೇನು? ಪಾರ್ತಿಸುಬ್ಬನ ಕುಂಬಳೆ ಸೀಮೆಯ ಮಕ್ಕಳಿಗೆ ಇದನ್ನು ತಿಳಿಯಹೇಳುವುದು ಕಷ್ಟವಲ್ಲ. ಯಕ್ಷಗಾನದಲ್ಲಿ ತೆಂಕುತಿಟ್ಟು, ಬಡಗುತಿಟ್ಟು ಎಂಬ ಭೇದವನ್ನು ನೀವು ಬಲ್ಲಿರಿ. ಪ್ರಸಂಗ ಒಂದೇ ಇರಬಹುದು. ಆದರೆ ಚೆಂಡೆಯ ದನಿ ಬೇರೆ, ಕಿರೀಟದ ಆಕಾರ ಬೇರೆ, ಹೆಜ್ಜೆಯ ಗತಿ ಬೇರೆ. ಇನ್ನು ಒಂದೇ ತಿಟ್ಟಿನ ಇಬ್ಬರು ಒಂದೇ ಪಾತ್ರವನ್ನು ಮಾಡಿದರೂ ಆಟ ನೋಡಿ ಪಳಗಿದವರು ದೂರದಿಂದಲೇ ಇವರು ಇಂಥವರೆಂದು ಗುರುತಿಸುತ್ತಾರೆ. ಆ ಗುರುತೇ ಶೈಲಿ. ಅದು ಯಾವ ಕಲಾವಿದನಿಗೂ ಮೇಳಕ್ಕೆ ಸೇರಿದ ದಿನವೇ ಬಂದುದಲ್ಲ. ಬಾಲಕನು ಮೊದಲು ಪೂರ್ವರಂಗದಲ್ಲಿ ಕೋಡಂಗಿಯಾಗಿ, ಬಾಲಗೋಪಾಲನಾಗಿ ಕುಣಿಯುತ್ತಾನೆ. ಗುರುವಿನ ಹೆಜ್ಜೆಯನ್ನು ಹಾಗೆಯೇ ಹಾಕುತ್ತಾನೆ. ಅವನ ಮೈಕಟ್ಟು, ಅವನ ಸ್ವಭಾವ, ಅವನು ಕಂಡ ಲೋಕ ಇವೆಲ್ಲ ಆ ಹೆಜ್ಜೆಯೊಳಗೆ ಮೆಲ್ಲಮೆಲ್ಲನೆ ಇಳಿದ ಮೇಲೆ ಅದು ಅವನದಾಗುತ್ತದೆ.

ಚಿತ್ರಕಲೆಯಲ್ಲಿಯೂ ಹೀಗೆಯೇ. 1921ರಲ್ಲಿ ಮೈಸೂರಿನಲ್ಲಿ ಜನಿಸಿದ ಆರ್. ಕೆ. ಲಕ್ಷ್ಮಣರು ಬಾಲ್ಯದಲ್ಲಿ ಡೇವಿಡ್ ಲೋ ಎಂಬ ವ್ಯಂಗ್ಯಚಿತ್ರಕಾರನ ಚಿತ್ರಗಳನ್ನು ಪತ್ರಿಕೆಯಲ್ಲಿ ನೋಡಿ ಮನಸೋತವರು. ಮುಂಬಯಿಯ ಜೆ. ಜೆ. ಕಲಾಶಾಲೆಯು ಅವರಿಗೆ ಪ್ರವೇಶವನ್ನು ನಿರಾಕರಿಸಿತು. ಅವರು ಎದೆಗುಂದದೆ ಬರೆದರು. 1951ರಿಂದ ಪತ್ರಿಕೆಯಲ್ಲಿ ಕಾಣಿಸಿಕೊಂಡ ಅವರ ‘ಶ್ರೀಸಾಮಾನ್ಯ’ನನ್ನು ಬಲ್ಲದವರಿಲ್ಲ. ಮೊದಮೊದಲು ಅವರು ಭಾರತದ ಜನಸಮೂಹವನ್ನು ತೋರಿಸಲು ನಾನಾ ಪ್ರಾಂತಗಳ ನಾನಾ ಉಡುಪಿನವರನ್ನು ಬರೆಯುತ್ತಿದ್ದರು. ಪತ್ರಿಕೆಯ ಕೆಲಸಕ್ಕೆ ಸಮಯ ಸಾಲದಾದಾಗ ಒಬ್ಬೊಬ್ಬರನ್ನಾಗಿ ಕೈಬಿಡುತ್ತ ಬಂದರು. ಕೊನೆಗೆ ಉಳಿದವನು ಚೌಕಳಿಯ ಕೋಟು, ಧೋತರ, ಕನ್ನಡಕ ಧರಿಸಿದ ಆ ಒಬ್ಬ ಮೌನಿ. ಸೇರಿಸುವುದರಿಂದ ಮಾತ್ರವಲ್ಲ, ಬಿಡುವುದರಿಂದಲೂ ಶೈಲಿಯು ರೂಪುಗೊಳ್ಳುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಕೆ. ಕೆ. ಹೆಬ್ಬಾರರು ಇನ್ನೊಂದು ದಾರಿಯನ್ನು ತೋರಿಸುತ್ತಾರೆ. ಜೆ. ಜೆ. ಕಲಾಶಾಲೆಯ ಪಾಶ್ಚಾತ್ಯ ಕ್ರಮದ ಶಿಕ್ಷಣವನ್ನು ಅವರು ಚೆನ್ನಾಗಿ ಪಡೆದಿದ್ದರು. ಆದರೂ ಗೆರೆಯಲ್ಲಿ ಲಯವಿರಬೇಕೆಂದು ಬಯಸಿ ಕಥಕ್ ನೃತ್ಯವನ್ನೇ ಅಭ್ಯಾಸಮಾಡಿದರು. ಮುಂದೆ ಅವರು ನರ್ತಕರನ್ನೂ ವಾದ್ಯಗಾರರನ್ನೂ ಕೆಲವೇ ಗೆರೆಗಳಲ್ಲಿ ಬರೆದಾಗ ಆ ಗೆರೆಗಳೇ ಕುಣಿದಂತೆ ಕಂಡವು. ಚಿತ್ರಕಾರನ ಶೈಲಿಯು ಚಿತ್ರಗಳನ್ನು ನೋಡುವುದರಿಂದಷ್ಟೇ ಬರುವುದಿಲ್ಲ. ಅವನು ಪ್ರೀತಿಸುವ ಇತರ ಸಂಗತಿಗಳಿಂದಲೂ ಬರುತ್ತದೆ. ಚೆಂಡೆಯ ಪೆಟ್ಟನ್ನು ಕೇಳುತ್ತ ಬೆಳೆದ ಮಗುವಿನ ಕೈಯಲ್ಲಿ ಆ ಪೆಟ್ಟು ಇಳಿಯದೆ ಇರಲಾರದು.

ಇವರೆಲ್ಲ ಕಾಗದ ಬಟ್ಟೆಗಳ ಮೇಲೆ ಬರೆದವರು, ಪರದೆಯ ಮೇಲೆ ಬರೆಯುವ ನಮಗೆ ಇವರಿಂದ ಏನು ಪ್ರಯೋಜನ ಎಂದು ಕೆಲವರು ಕೇಳಬಹುದು. ಇಂಗ್ಲೆಂಡಿನ ಡೇವಿಡ್ ಹಾಕ್ನಿ ಎಂಬ ಪ್ರಸಿದ್ಧ ಚಿತ್ರಕಾರರು 1937ರಲ್ಲಿ ಜನಿಸಿದವರು. 2009ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಅವರು ಐಫೋನಿನ ಮೇಲೆ ಬೆರಳಿನಿಂದ ಚಿತ್ರ ಬರೆಯತೊಡಗಿದರು. ಮರುವರ್ಷ ಐಪ್ಯಾಡನ್ನು ಹಿಡಿದರು. 2011ರಲ್ಲಿ ಯಾರ್ಕ್‌ಷೈರಿನ ಒಂದು ಹಳ್ಳಿಯ ದಾರಿಗೆ ವಸಂತವು ಬರುವ ಬಗೆಯನ್ನು ಐಪ್ಯಾಡಿನಲ್ಲಿ 51 ಚಿತ್ರಗಳಾಗಿ ಬರೆದರು. ಉಪಕರಣವು ಹೊಸದು, ಆದರೆ ಚಿತ್ರವನ್ನು ನೋಡಿದವರು ಅದು ಹಾಕ್ನಿಯವರದೆಂದು ಒಡನೆ ಅರಿತರು. ಹಲವು ದಶಕ ನೋಡಿ ನೋಡಿ ಪಳಗಿದ ಕಣ್ಣು ಉಪಕರಣದೊಡನೆ ಬದಲಾಗುವುದಿಲ್ಲ.

ಆದರೆ ಪರದೆಗೆ ತನ್ನದೇ ಆದ ಕೆಲವು ಅಪಾಯಗಳುಂಟು. ಅವುಗಳನ್ನು ಎಳೆಯರು ತಿಳಿದಿರಬೇಕು. ಕಾಗದದ ಮೇಲೆ ತಪ್ಪಿದ ಗೆರೆ ಅಲ್ಲಿಯೇ ಉಳಿದು ನಮಗೆ ಪಾಠ ಹೇಳುತ್ತದೆ. ಪರದೆಯಲ್ಲಿ ‘ಅನ್‌ಡು’ ಒತ್ತಿದರೆ ಮಾಯವಾಗುತ್ತದೆ. ಒಂದು ಗೆರೆಯನ್ನು ಇಪ್ಪತ್ತು ಸಲ ಅಳಿಸಿ ಬರೆದವನಿಗೆ ಕೊನೆಗೆ ದೊರೆಯುವುದು ಚೊಕ್ಕವಾದ, ಜೀವವಿಲ್ಲದ ಗೆರೆ. ‘ಸ್ಟೆಬಿಲೈಸರ್’ ಎಂಬ ಸೌಲಭ್ಯವು ಕೈಯ ನಡುಕವನ್ನು ತಾನೇ ತಿದ್ದುತ್ತದೆ. ಅದು ಒಳ್ಳೆಯದೇ, ಆದರೆ ಅದನ್ನು ಪೂರ್ತಿ ಹೆಚ್ಚಿಸಿದರೆ ಎಲ್ಲರ ಗೆರೆಯೂ ಒಂದೇ ತೆರನಾಗುತ್ತದೆ. ಸಾಮಾನ್ಯವಾದ ಪರದೆಯು ಕೆಂಪು, ಹಸುರು, ನೀಲಿ ಈ ಮೂರರಲ್ಲಿ ಒಂದೊಂದರ 256 ಮೆಟ್ಟಿಲುಗಳನ್ನು ಬೆರಸಿ 1,67,77,216 ಬಣ್ಣಗಳನ್ನು ಕೊಡಬಲ್ಲುದು. ಇಷ್ಟು ಸಿರಿಯ ಮುಂದೆ ಕುಳಿತ ಬಾಲಕನು ಯಾವುದನ್ನೂ ಆರಿಸಲಾರದೆ ಎಲ್ಲವನ್ನೂ ಬಳಿಯುತ್ತಾನೆ. ಬಂಗಾಳದ ಜಾಮಿನಿ ರಾಯರು (1887–1972) ಪಾಶ್ಚಾತ್ಯ ಕ್ರಮದಲ್ಲಿ ನಿಪುಣರಾದ ಮೇಲೆಯೂ ಅದನ್ನು ಬಿಟ್ಟು ತಮ್ಮ ನಾಡಿನ ಜನಪದ ಚಿತ್ರಗಳ ಕಡೆಗೆ ತಿರುಗಿ, ಏಳು ಬಣ್ಣಗಳಿಗೆ ತಮ್ಮನ್ನು ಮಿತಗೊಳಿಸಿಕೊಂಡರು. ಆ ಮಿತಿಯೇ ಅವರ ಗುರುತಾಯಿತು.

ಆದುದರಿಂದ ವಿದ್ಯಾರ್ಥಿಗಳು ಹೀಗೆ ಮಾಡಿ ನೋಡಬಹುದು. ಮೊದಲನೆಯದಾಗಿ, ಒಂದು ತಿಂಗಳ ಕಾಲ ಒಂದೇ ಬ್ರಷ್ಷು, ಮೂರೇ ಬಣ್ಣಗಳಿಂದ ಬರೆಯಿರಿ. ನಮ್ಮ ರಾಜ್ಯದ ಶಾಲೆಗಳ ಐ.ಟಿ. ಪಾಠದಲ್ಲಿ ಬರುವ ಗಿಂಪ್, ಇಂಕ್‌ಸ್ಕೇಪ್‌ಗಳಾಗಲಿ ಚಿತ್ರರಚನೆಗೆಂದೇ ಇರುವ ಕ್ರಿತವಾಗಲಿ ಹಣಕೊಡದೆ ದೊರೆಯುವ ಮುಕ್ತ ತಂತ್ರಾಂಶಗಳು. ಆರಂಭಕ್ಕೆ ಅವು ಧಾರಾಳವಾಗಿ ಸಾಕು. ಎರಡನೆಯದಾಗಿ, ದಿನಕ್ಕೆ ಹತ್ತು ನಿಮಿಷ ಪರದೆಯಲ್ಲಿನ ಚಿತ್ರವನ್ನಲ್ಲ, ಎದುರಿಗಿರುವ ವಸ್ತುವನ್ನೇ ನೋಡಿ ಬರೆಯಿರಿ. ಬಾವಿಕಟ್ಟೆ, ಕೊಡೆ, ಮಲಗಿದ ನಾಯಿ, ಯಾವುದಾದರೂ ಆಗಬಹುದು. ಮೂರನೆಯದಾಗಿ, ಮೆಚ್ಚಿದ ಚಿತ್ರಕಾರರನ್ನು ಅನುಕರಿಸಿರಿ. ಆದರೆ ಒಬ್ಬರನ್ನಲ್ಲ, ಮೂವರನ್ನು. ಒಬ್ಬರಿಂದ ಗೆರೆಯನ್ನೂ ಮತ್ತೊಬ್ಬರಿಂದ ಬಣ್ಣವನ್ನೂ ಇನ್ನೊಬ್ಬರಿಂದ ಚಿತ್ರದ ಏರ್ಪಾಟನ್ನೂ ಕಲಿಯಿರಿ. ನಕಲು ಮಾಡಿದಾಗ ‘ಇಂಥವರ ಚಿತ್ರವನ್ನು ನೋಡಿ ಬರೆದುದು’ ಎಂದು ಕೆಳಗೆ ಕಾಣಿಸಿರಿ. ಹೆಸರು ಹೇಳಿ ಕಲಿತರೆ ಅದು ವಿದ್ಯೆ. ಹೆಸರು ಮುಚ್ಚಿ ತೋರಿಸಿದರೆ ಕಳವು. ನಾಲ್ಕನೆಯದಾಗಿ, ಯಾವ ಚಿತ್ರವನ್ನೂ ಅಳಿಸಬೇಡಿರಿ. ದಿನಾಂಕ ಹಾಕಿ ಇಡಿರಿ. ಮೂರು ತಿಂಗಳ ಅನಂತರ ಎಲ್ಲವನ್ನೂ ಒಟ್ಟಿಗೆ ಹರಡಿ ನೋಡಿದರೆ ನೀವು ಅರಿಯದೆಯೇ ಮತ್ತೆ ಮತ್ತೆ ಬರೆದ ಯಾವುದೋ ಒಂದು ಕಣ್ಣಿಗೆ ಬೀಳುತ್ತದೆ. ನಿಮ್ಮ ಶೈಲಿಯ ಮೊಳಕೆ ಅಲ್ಲಿಯೇ ಇದೆ.

ಈಚೆಗೆ ಇನ್ನೊಂದು ಸಂದೇಹವೂ ಹುಟ್ಟಿದೆ. 2025ರ ಮಾರ್ಚ್ ತಿಂಗಳಿನಲ್ಲಿ ಕೃತಕ ಬುದ್ಧಿಮತ್ತೆಯ ಯಂತ್ರವು ಜನರ ಭಾವಚಿತ್ರಗಳನ್ನು ಜಪಾನಿನ ಘಿಬ್ಲಿ ಸ್ಟುಡಿಯೋದ ಚಲಚ್ಚಿತ್ರಗಳ ರೀತಿಗೆ ಬದಲಿಸಿಕೊಟ್ಟಿತು. ಲೋಕವೆಲ್ಲ ಅದನ್ನು ಹಂಚಿಕೊಂಡಿತು. “ಗಳಿಗೆಯಲ್ಲಿ ಯಂತ್ರವೇ ಮಾಡುವಾಗ ನಮ್ಮ ಮಗು ವರ್ಷಗಟ್ಟಲೆ ಏಕೆ ಒದ್ದಾಡಬೇಕು?” ಎಂದು ತಂದೆಯೊಬ್ಬರು ನಮ್ಮನ್ನು ಕೇಳಿದರು. 1985ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯ ರೀತಿಯು, ಹುಲ್ಲಿನ ಮೇಲೆ ಗಾಳಿ ಬೀಸುವುದನ್ನೂ ಮಗುವು ಚಪ್ಪಲಿ ಮೆಟ್ಟುವುದನ್ನೂ ಕಣ್ಣಿಟ್ಟು ನೋಡಿ, ಒಂದೊಂದು ಚಲನೆಗೂ ಹಲವಾರು ಚಿತ್ರಗಳನ್ನು ಕೈಯಿಂದ ಬರೆದವರ ದುಡಿಮೆಯಿಂದ ಬಂದುದು. ಯಂತ್ರವು ಆ ರೀತಿಯ ಹೊರ ಉಡುಪನ್ನು ತೊಡಿಸಬಲ್ಲುದು. ನಿಮ್ಮ ಮನೆಯ ಅಂಗಳವನ್ನು ನಿಮ್ಮ ಮಗುವು ಹೇಗೆ ಕಂಡಿತೆಂಬುದನ್ನು ಮಗುವಲ್ಲದೆ ಬೇರಾರೂ ಹೇಳಲಾರರು. ನೋಡಲು ಕಲಿತ ಕಣ್ಣು ಚಿತ್ರಕಾರನಾಗದವನಿಗೂ ಬಾಳಿನಲ್ಲಿ ಉಪಯೋಗಕ್ಕೆ ಬರುತ್ತದೆ.

ತಂದೆತಾಯಿಗಳಲ್ಲಿ ನಮ್ಮ ವಿನಂತಿ ಇಷ್ಟೇ. ಬೆಲೆಬಾಳುವ ಟ್ಯಾಬ್ಲೆಟ್ಟನ್ನು ಕೊಳ್ಳಲೇಬೇಕೆಂದಿಲ್ಲ. ಪೆನ್ಸಿಲು ಕಾಗದಗಳಲ್ಲಿ ಆರಂಭಿಸಿ ಫೋನಿನಲ್ಲಿ ಮುಂದುವರಿಸಬಹುದು. ಮಗುವು ಫೋನನ್ನು ಹಿಡಿದ ಮಾತ್ರಕ್ಕೆ ಆಟವೆಂದು ಬಗೆಯದೆ ಏನು ಬರೆಯುತ್ತಿದೆಯೆಂದು ನೋಡಿರಿ. ಕಣ್ಣಿಗೆ ಆಗಾಗ ವಿಶ್ರಾಂತಿ ಕೊಡಿಸಿರಿ. ಚಿತ್ರವನ್ನು ತೋರಿಸಿದಾಗ “ಇದು ಯಾರದು?” ಎಂದು ನಾವು ಕೇಳಿದಂತೆ ಕೇಳಬೇಡಿರಿ. “ಇದನ್ನು ಎಲ್ಲಿ ಕಂಡೆ?” ಎಂದು ಕೇಳಿರಿ.

ಆ ವಿದ್ಯಾರ್ಥಿಯ ಮನೆಗೆ ನಾವು ಹೋದೆವು. ಆಡಿದ ಮಾತು ತಪ್ಪೆಂದು ಅವನ ತಂದೆತಾಯಿಗಳ ಎದುರಿನಲ್ಲಿಯೇ ಹೇಳಿದೆವು. ಅವನು ಏನೂ ಹೇಳಲಿಲ್ಲ. ಆದರೆ ಕೆಲವು ವಾರಗಳ ಮೇಲೆ ಮತ್ತೆ ಬರೆಯತೊಡಗಿದನು. ಮೂರು ತಿಂಗಳಾದಾಗ ಅವನ ಚಿತ್ರಗಳನ್ನು ಶಾಲೆಯ ಕಂಪ್ಯೂಟರಿನಲ್ಲಿ ಒಟ್ಟಿಗೆ ನೋಡಿದೆವು. ದೊಡ್ಡ ಕಣ್ಣಿನ ವೀರರು ಇನ್ನೂ ಇದ್ದರು. ಅವರ ನಡುವೆ ಬೇರೊಂದು ಬಗೆಯ ಚಿತ್ರಗಳೂ ಇದ್ದವು: ಅಡಿಕೆ ಸುಲಿಯುತ್ತ ಕುಳಿತ ಅಜ್ಜಿ, ಅಂಗಳ ಗುಡಿಸುವ ತಾಯಿ, ತೋಟಕ್ಕೆ ಇಳಿದುಹೋಗುವ ತಂದೆ. ಎಲ್ಲರೂ ಬೆನ್ನು ತೋರಿದವರೇ. ಎಲ್ಲರ ಹಿಂದೆಯೂ ಇಳಿಹೊತ್ತಿನ ಉದ್ದ ನೆರಳು. “ಏಕೆ ಯಾರ ಮುಖವೂ ಇಲ್ಲ?” ಎಂದೆವು. ಅವನು ತುಸು ಯೋಚಿಸಿ, “ಸರ್, ನಾನು ಶಾಲೆಯಿಂದ ಬಂದು ಜಗಲಿಯಲ್ಲಿ ಕುಳಿತು ಬರೆಯುವುದು. ಆಗ ಎಲ್ಲರೂ ಕೆಲಸದಲ್ಲಿರುತ್ತಾರೆ. ಅಲ್ಲಿಂದ ಕಾಣುವುದು ಹೀಗೆಯೇ” ಎಂದನು.

ಆ ಅಜ್ಜಿಯ ಚಿತ್ರವನ್ನು ಈ ಸಂಚಿಕೆಯ ವಿದ್ಯಾರ್ಥಿ ಚಿತ್ರಪುಟದಲ್ಲಿ ಅಚ್ಚುಹಾಕಿದ್ದೇವೆ. ಅದರಲ್ಲಿ ಕೈಬೆರಳುಗಳ ಅಳತೆ ಸರಿಯಾಗಿಲ್ಲ. ಅದನ್ನು ಅವನು ಇನ್ನೂ ಕಲಿಯಬೇಕು. ಆದರೆ ಅದು ಯಾರ ಚಿತ್ರವೆಂದು ಈಗ ನಾವು ಕೇಳಬೇಕಾಗಿಲ್ಲ.