ಸ್ಮಾರ್ಟ್‌ವಾಚ್ ಚಾರ್ಜ್ ಆಗಲು ತಡಮಾಡುವುದೇಕೆ

ಸ್ಮಾರ್ಟ್‌ವಾಚಿನ ಬ್ಯಾಟರಿಯ ಸಾಮರ್ಥ್ಯ ಬಹುಪಾಲು ಮಾದರಿಗಳಲ್ಲಿ 250ರಿಂದ 450 ಮಿಲಿಆಂಪಿಯರ್-ಗಂಟೆಗಳ ನಡುವೆ ಇರುತ್ತದೆ. ಅಂದರೆ 300 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಯೊಂದು 300 ಮಿಲಿಆಂಪಿಯರ್ ವಿದ್ಯುತ್ ಪ್ರವಾಹವನ್ನು ಒಂದು ಗಂಟೆಯ ಕಾಲ ಒದಗಿಸಬಲ್ಲದು. ಇದನ್ನು ಬ್ಯಾಟರಿಯ ಸರಾಸರಿ ವೋಲ್ಟೇಜ್ ಆದ ಸುಮಾರು 3.85ರಿಂದ ಗುಣಿಸಿದರೆ ಅದರಲ್ಲಿ ಹಿಡಿಯುವ ಶಕ್ತಿ ಹೆಚ್ಚುಕಡಿಮೆ 1.15 ವಾಟ್-ಗಂಟೆಯಾಗುತ್ತದೆ, 5000 ಮಿಲಿಆಂಪಿಯರ್-ಗಂಟೆಯ ಫೋನಿನ ಬ್ಯಾಟರಿಗೆ ಇದೇ ಲೆಕ್ಕ ಹಾಕಿದರೆ 19 ವಾಟ್-ಗಂಟೆ ಬರುತ್ತದೆ. ಫೋನು ಒಂದು ಗಂಟೆಯಲ್ಲಿ ತುಂಬುವುದಾದರೆ ಅದರ ಹದಿನಾರನೆಯ ಒಂದು ಭಾಗದಷ್ಟಿರುವ ವಾಚಿನ ಬ್ಯಾಟರಿ ಕೆಲವೇ ನಿಮಿಷಗಳಲ್ಲಿ ತುಂಬಬೇಕೆಂದು ಬಳಕೆದಾರರು ಎಣಿಸುವುದು ಸಹಜವಾದರೂ, ಸಾಧಾರಣ ಸ್ಮಾರ್ಟ್‌ವಾಚು ಪೂರ್ತಿ ಚಾರ್ಜ್ ಆಗಲು ಒಂದೂವರೆಯಿಂದ ಎರಡೂವರೆ ಗಂಟೆ ತೆಗೆದುಕೊಳ್ಳುತ್ತದೆ ಮತ್ತು ಅದು ದೋಷವಲ್ಲ. ವಾಚು ತನ್ನ ಬ್ಯಾಟರಿಯನ್ನು ಕಾಪಾಡಿಕೊಳ್ಳಲು ತಾನಾಗಿಯೇ ತಂದುಕೊಳ್ಳುವ ನಿಧಾನ ಒಂದು, ಕೊಳೆ, ಕೇಬಲ್, ಬಿಸಿ, ಸವೆತಗಳಿಂದ ಬರುವ ನಿಧಾನ ಇನ್ನೊಂದು. ಇವೆರಡನ್ನೂ ಬೇರ್ಪಡಿಸಿ ನೋಡದೆ ಹೊಸ ಬ್ಯಾಟರಿಗೋ ಹೊಸ ವಾಚಿಗೋ ಹಣ ಸುರಿಯುವುದು ಅನೇಕ ಸಂದರ್ಭಗಳಲ್ಲಿ ಅನಗತ್ಯ ನಷ್ಟ.

ಸ್ಮಾರ್ಟ್‌ವಾಚುಗಳಲ್ಲಿ ಬಳಕೆಯಾಗುವುದು ಲಿಥಿಯಂ-ಅಯಾನ್ ಬ್ಯಾಟರಿ. 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ, ಮತ್ತು 2019ರಲ್ಲಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ತಂದುಕೊಟ್ಟ ಈ ತಂತ್ರದಲ್ಲಿ, ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು, ಎಂದರೆ ವಿದ್ಯುದಂಶ ಹೊತ್ತ ಲಿಥಿಯಂ ಕಣಗಳು, ಒಂದು ಬದಿಯಿಂದ ಹೊರಟು ಇನ್ನೊಂದು ಬದಿಯಲ್ಲಿರುವ ಗ್ರಾಫೈಟ್ ಪದರಗಳ ನಡುವೆ ಹೋಗಿ ಸೇರಿಕೊಳ್ಳುತ್ತವೆ. ಪ್ರವಾಹ ಮಿತಿಮೀರಿದರೆ ಪದರಗಳೊಳಗೆ ಸೇರಲು ಅವುಗಳಿಗೆ ಸಮಯ ಸಾಲದೆ, ಗ್ರಾಫೈಟಿನ ಮೇಲ್ಮೈಯಲ್ಲೇ ಲೋಹವಾಗಿ ಕೂಡುತ್ತವೆ. ಹೀಗೆ ಕೂಡಿದ ಲಿಥಿಯಂ ಬ್ಯಾಟರಿಯ ಸಾಮರ್ಥ್ಯವನ್ನು ತಗ್ಗಿಸುವುದಲ್ಲದೆ ಮುಂದೆ ಒಳಗಿನ ಶಾರ್ಟ್ ಸರ್ಕ್ಯೂಟಿಗೂ ಕಾರಣವಾಗಬಲ್ಲದು. ಆದ್ದರಿಂದಲೇ ಪ್ರವಾಹದ ಮಿತಿಯನ್ನು ಬ್ಯಾಟರಿಯ ಗಾತ್ರಕ್ಕೆ ತಕ್ಕಂತೆ ನಿಗದಿ ಮಾಡುತ್ತಾರೆ. 300 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಗೆ 300 ಮಿಲಿಆಂಪಿಯರ್ ಪ್ರವಾಹವೆಂದರೆ, 5000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಗೆ 5 ಆಂಪಿಯರ್ ಕೊಟ್ಟಷ್ಟೇ ಒತ್ತಡ ಬೀಳುತ್ತದೆ. ಬ್ಯಾಟರಿ ಚಿಕ್ಕದಾದಾಗ ಅದು ತಾಳಿಕೊಳ್ಳುವ ಪ್ರವಾಹವೂ ಚಿಕ್ಕದಾಗುವುದರಿಂದ ಒಟ್ಟು ಸಮಯ ಮಾತ್ರ ಕಡಿಮೆಯಾಗುವುದಿಲ್ಲ.

ಚಾರ್ಜಿಂಗ್ ನಡೆಯುವ ಬಗೆಯೂ ಆರಂಭದಿಂದ ಅಂತ್ಯದವರೆಗೆ ಒಂದೇ ಆಗಿರುವುದಿಲ್ಲ. ಮೊದಲ ಹಂತದಲ್ಲಿ ಪ್ರವಾಹವನ್ನು ಸ್ಥಿರವಾಗಿಟ್ಟು ವೋಲ್ಟೇಜ್ ಏರಲು ಬಿಡಲಾಗುತ್ತದೆ. ವೋಲ್ಟೇಜ್ ತನ್ನ ಮೇಲ್ಮಿತಿಯನ್ನು, ಸಾಮಾನ್ಯವಾಗಿ 4.2ರಿಂದ 4.4ರ ನಡುವಿನ ಒಂದು ಅಂಕಿಯನ್ನು, ಮುಟ್ಟಿದ ಮೇಲೆ ಅದನ್ನು ಅಲ್ಲೇ ಹಿಡಿದಿಟ್ಟು ಪ್ರವಾಹವನ್ನು ಸ್ವಲ್ಪಸ್ವಲ್ಪವಾಗಿ ಇಳಿಸಲಾಗುತ್ತದೆ. ಕೊನೆಯ ಶೇಕಡಾ 20ರಷ್ಟು ಭಾಗ ತುಂಬಲು ಬೇಸರ ತರಿಸುವಷ್ಟು ಹೊತ್ತು ಹಿಡಿಯುವುದು ಈ ಎರಡನೆಯ ಹಂತದಿಂದ. ತಿಂಗಳುಗಟ್ಟಲೆ ಮೇಜಿನ ಖಾನೆಯಲ್ಲಿದ್ದು ಪೂರ್ತಿ ಬರಿದಾದ ವಾಚಿನಲ್ಲಿ ಇವೆರಡಕ್ಕೂ ಮುಂಚಿನ ಇನ್ನೊಂದು ಹಂತವಿದೆ: ವೋಲ್ಟೇಜ್ ತೀರ ಕುಸಿದಿರುವಾಗ ಪೂರ್ಣ ಪ್ರವಾಹ ಕೊಡುವುದು ಅಪಾಯಕಾರಿಯಾದ್ದರಿಂದ ಅದರ ಒಂದು ಸಣ್ಣ ಅಂಶವನ್ನು ಮಾತ್ರ ಹರಿಸಲಾಗುತ್ತದೆ, ಪರದೆಯೂ ಬಹಳ ಹೊತ್ತು ಕಪ್ಪಾಗಿಯೇ ಇರುತ್ತದೆ. ಇಂಥ ವಾಚು ಕೆಟ್ಟಿದೆಯೆಂದು ಹತ್ತು ನಿಮಿಷದಲ್ಲಿ ತೀರ್ಮಾನಿಸುವುದಕ್ಕಿಂತ ಅದನ್ನು ಚಾರ್ಜರಿನ ಮೇಲೆ ಒಂದೆರಡು ಗಂಟೆ ಬಿಟ್ಟು ನೋಡುವುದು ಲೇಸು.

ಫೋನಿನ ಜೊತೆ ಬಂದ 65 ವಾಟಿನ ಚಾರ್ಜರಿಗೆ ಸಿಕ್ಕಿಸಿದರೆ ವಾಚು ಬೇಗ ಚಾರ್ಜ್ ಆಗುತ್ತದೆಂಬ ನಂಬಿಕೆಯೂ, ಹಾಗೆ ಸಿಕ್ಕಿಸಿದರೆ ವಾಚು ಸುಟ್ಟುಹೋಗುತ್ತದೆಂಬ ಭಯವೂ ವ್ಯಾಪಕವಾಗಿವೆ. ಒಳ್ಳೆಯ ಗುಣಮಟ್ಟದ ಯುಎಸ್‌ಬಿ ಚಾರ್ಜರ್ ತಾನಾಗಿ ಹೊರಗೆಡಹುವುದು 5 ವೋಲ್ಟ್ ಮಾತ್ರ. ಅದಕ್ಕಿಂತ ಹೆಚ್ಚಿನ ವೋಲ್ಟೇಜ್ ಬೇಕಾದರೆ ಎದುರಿನ ಉಪಕರಣ ಅದನ್ನು ಕೇಳಿ ಪಡೆಯಬೇಕು, ಮತ್ತು ಪ್ರವಾಹ ಎಷ್ಟು ಬೇಕೆಂಬುದನ್ನು ನಿರ್ಧರಿಸುವುದು ಚಾರ್ಜರಲ್ಲ, ವಾಚಿನೊಳಗಿನ ನಿಯಂತ್ರಕ. ಬಾಯಿ ಕಿರಿದಾದ ತಂಬಿಗೆಯನ್ನು ಎಷ್ಟು ದೊಡ್ಡ ನಲ್ಲಿಯ ಕೆಳಗಿಟ್ಟರೂ ಅದು ಒಳಗೆ ಬಿಟ್ಟುಕೊಳ್ಳುವ ನೀರು ಅಷ್ಟೇ. ವೇಗದ ಚಾರ್ಜಿಂಗ್ ಬೇಕಾದರೆ ವಾಚು, ಕೇಬಲ್, ಅಡಾಪ್ಟರ್ ಈ ಮೂರಕ್ಕೂ ಆ ಸಾಮರ್ಥ್ಯವಿರಬೇಕು. ಆ್ಯಪಲ್ ಕಂಪನಿ 2021ರಲ್ಲಿ ಬಿಡುಗಡೆ ಮಾಡಿದ ವಾಚ್ ಸೀರೀಸ್ 7 ಸುಮಾರು 45 ನಿಮಿಷಗಳಲ್ಲಿ ಶೇಕಡಾ 80ರಷ್ಟು ತುಂಬುತ್ತದೆಂದು ಕಂಪನಿ ಹೇಳಿತಾದರೂ, ಅದಕ್ಕೆ ಟೈಪ್-ಸಿ ತುದಿಯ ಹೊಸ ಮ್ಯಾಗ್ನೆಟಿಕ್ ಕೇಬಲ್ ಬೇಕಿತ್ತು. ಹಳೆಯ ವಾಚಿನ ಅಗಲ ತುದಿಯ ಕೇಬಲನ್ನೇ ಮುಂದುವರಿಸಿದವರಿಗೆ ಆ ವೇಗ ದೊರೆಯುವುದಿಲ್ಲ.

ವಿದ್ಯುತ್ತು ವಾಚಿನೊಳಗೆ ಹೋಗುವ ದಾರಿ ಎರಡು ಬಗೆಯದು. ಮೊದಲನೆಯದು ತಂತಿಯಿಲ್ಲದ ಚಾರ್ಜಿಂಗ್. ಚಾರ್ಜರಿನ ಬಿಲ್ಲೆಯೊಳಗಿನ ತಾಮ್ರದ ಸುರುಳಿಯಲ್ಲಿ ಪ್ರವಾಹ ವೇಗವಾಗಿ ಅತ್ತಿಂದಿತ್ತ ಬದಲಾಗುತ್ತಿದ್ದರೆ ಅದರ ಸುತ್ತಲಿನ ಕಾಂತಕ್ಷೇತ್ರವೂ ಬದಲಾಗಿ, ವಾಚಿನ ಬೆನ್ನಿನಲ್ಲಿರುವ ಇನ್ನೊಂದು ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯೇ ಇದು. ಎರಡು ಸುರುಳಿಗಳು ಒಂದರ ಮೇಲೊಂದು ಸರಿಯಾಗಿ ಕೂರದಿದ್ದರೆ, ಅಥವಾ ಅವುಗಳ ನಡುವಿನ ಅಂತರ ತುಸು ಹೆಚ್ಚಿದರೆ, ದಾಟಬೇಕಾದ ಶಕ್ತಿಯಲ್ಲಿ ಒಂದು ಪಾಲು ಬಿಸಿಯಾಗಿ ವ್ಯರ್ಥವಾಗುತ್ತದೆ. ವಾಚಿಗೆ ತೊಡಿಸಿದ ದಪ್ಪ ಕವಚ, ಬೆನ್ನಿಗೆ ಮೆತ್ತಿದ ಸನ್‌ಸ್ಕ್ರೀನ್ ಮತ್ತು ಬೆವರಿನ ಪದರ, ಹೊಸ ಚಾರ್ಜರಿನ ಮೇಲೆ ತೆಗೆಯದೆ ಉಳಿದ ತೆಳು ಪ್ಲಾಸ್ಟಿಕ್ ಹಾಳೆ, ಬಿಲ್ಲೆಯ ಮೇಲೆ ವಾಚು ಸಮತಟ್ಟಾಗಿ ಕೂರದಂತೆ ತಡೆಯುವ ಬಿಗಿ ಪಟ್ಟಿ ಇವೆಲ್ಲ ಆ ಅಂತರವನ್ನು ಹೆಚ್ಚಿಸುವಂಥವು. ಫೋನಿನ ಬೆನ್ನ ಮೇಲೆ ವಾಚನ್ನಿಟ್ಟು ಚಾರ್ಜ್ ಮಾಡುವ ಸೌಲಭ್ಯ 2019ರ ಗ್ಯಾಲಕ್ಸಿ ಎಸ್10 ಸರಣಿಯಿಂದ ಜನಪ್ರಿಯವಾಯಿತಾದರೂ ಅದು ಪ್ರಯಾಣದ ತುರ್ತಿಗೆ ಒದಗುವ ಉಪಾಯವೇ ಹೊರತು ದಿನನಿತ್ಯದ ಚಾರ್ಜಿಂಗಿಗೆ ತಕ್ಕುದಲ್ಲ.

ಎರಡನೆಯದು ಲೋಹದ ಪಿನ್ನುಗಳ ಮೂಲಕ ನೇರವಾಗಿ ವಿದ್ಯುತ್ತು ಕೊಡುವ ಬಗೆ. ಭಾರತದಲ್ಲಿ ಕಡಿಮೆ ಬೆಲೆಗೆ ಸಿಗುವ ವಾಚುಗಳಲ್ಲಿ ಬಹಳಷ್ಟು ಈ ಬಗೆಯವು, ಮತ್ತು ನಿಧಾನ ಚಾರ್ಜಿಂಗಿನ ದೂರುಗಳಲ್ಲಿ ಅತ್ಯಂತ ಸುಲಭವಾಗಿ ಪರಿಹಾರವಾಗುವಂಥವೂ ಇಲ್ಲೇ ಇವೆ. ವಾಚಿನ ಬೆನ್ನಿನ ಲೋಹದ ಚುಕ್ಕೆಗಳು ದಿನವಿಡೀ ಚರ್ಮಕ್ಕೆ ಒತ್ತಿಕೊಂಡಿದ್ದು ಬೆವರಿನಲ್ಲಿ ನೆನೆಯುತ್ತವೆ. ಆ ಬೆವರು ಒಣಗುವ ಮುನ್ನವೇ ವಾಚನ್ನು ಚಾರ್ಜಿಗೆ ಹಾಕಿದರೆ ಉಪ್ಪುನೀರಿನ ಮೂಲಕ ಒಂದು ಪಿನ್ನಿನಿಂದ ಇನ್ನೊಂದಕ್ಕೆ ಸಣ್ಣ ಪ್ರವಾಹ ಹರಿದು, ಧನ ಧ್ರುವದ ಪಿನ್ನಿನ ಲೋಹ ಅಣುವಣುವಾಗಿ ಕರಗುತ್ತದೆ. ಮೇಲಿನ ತೆಳು ಚಿನ್ನದ ಲೇಪ ಹೋದ ಮೇಲೆ ಒಳಗಿನ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಕಿಲುಬು ವಿದ್ಯುತ್ತಿಗೆ ತಡೆ ಒಡ್ಡುವುದರಿಂದ ಚಾರ್ಜಿಂಗ್ ನಿಧಾನವಾಗುತ್ತದೆ, ಬಿಟ್ಟುಬಿಟ್ಟು ನಡೆಯುತ್ತದೆ, ಕಡೆಗೆ ನಿಂತೇ ಹೋಗುತ್ತದೆ. ಗಾಳಿಯಲ್ಲೇ ಉಪ್ಪು ಮತ್ತು ತೇವ ಬೆರೆತಿರುವ ಮಂಗಳೂರು, ಉಡುಪಿ, ಕಾರವಾರದಂಥ ಕರಾವಳಿಯ ಊರುಗಳಲ್ಲಿ ಈ ಸವೆತ ಒಳನಾಡಿಗಿಂತ ಬೇಗ ಕಾಣಿಸಿಕೊಳ್ಳುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲನ್ನು, ಅಂದರೆ ಔಷಧದಂಗಡಿಗಳಲ್ಲಿ ಸಿಗುವ, ಬೇಗ ಆವಿಯಾಗುವ ಸ್ಪಿರಿಟನ್ನು, ಕಿವಿಯ ಹತ್ತಿಕಡ್ಡಿಗೆ ತುಸುವೇ ಹಚ್ಚಿ ವಾಚಿನ ಚುಕ್ಕೆಗಳನ್ನೂ ಚಾರ್ಜರಿನ ಪಿನ್ನುಗಳನ್ನೂ ಮೃದುವಾಗಿ ಒರೆಸಿ, ಪೂರ್ತಿ ಆರಲು ಬಿಟ್ಟರೆ ಬಹಳ ವಾಚುಗಳು ಮೊದಲಿನಂತಾಗುತ್ತವೆ. ಚಾಕು, ಗುಂಡುಪಿನ್ನು, ಉಜ್ಜುಕಾಗದಗಳಿಂದ ಕೆರೆಯುವುದು ಉಳಿದಿರುವ ಲೇಪವನ್ನೂ ಕಿತ್ತುಹಾಕಿ, ಇಂದಿನ ಪರಿಹಾರವನ್ನೇ ನಾಳಿನ ತೊಂದರೆಯನ್ನಾಗಿ ಮಾಡುತ್ತದೆ.

ಪಿನ್ನಿನ ಚಾರ್ಜರುಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಎರಡು ಪಿನ್ನಿನ ಮ್ಯಾಗ್ನೆಟ್ ಕೇಬಲುಗಳು ನೋಡಲು ಒಂದೇ ತೆರನಾಗಿದ್ದರೂ ಅವುಗಳ ಪಿನ್ನುಗಳ ನಡುವಿನ ಅಂತರವೂ ಧನ-ಋಣ ಧ್ರುವಗಳ ಜಾಗವೂ ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತವೆ. ಕಾಂತವು ಎಳೆದುಕೊಂಡಿತೆಂಬ ಮಾತ್ರಕ್ಕೆ ಆ ಕೇಬಲ್ ಆ ವಾಚಿನದೆಂದು ಭಾವಿಸುವುದು ತಪ್ಪು, ಧ್ರುವಗಳು ಅದಲುಬದಲಾದರೆ ವಾಚು ಹಾಳಾಗಲೂಬಹುದು. ಕೇಬಲ್ ಸರಿಯಾದದ್ದೇ ಆಗಿದ್ದರೂ ಒಳಗಿನ ತಂತಿ ತೀರ ತೆಳುವಾಗಿದ್ದರೆ ಅಥವಾ ಮಡಚಿ ಮಡಚಿ ಎಳೆಗಳು ತುಂಡಾಗಿದ್ದರೆ ದಾರಿಯಲ್ಲೇ ವೋಲ್ಟೇಜ್ ಸೋರಿಹೋಗುತ್ತದೆ: ಒಟ್ಟು ಅರ್ಧ ಓಮ್ ತಡೆಯಿರುವ ಕೇಬಲಿನಲ್ಲಿ ಅರ್ಧ ಆಂಪಿಯರ್ ಹರಿದರೆ ಕಾಲು ವೋಲ್ಟು ಅಲ್ಲಿಯೇ ಮುಗಿಯುತ್ತದೆ.

ವಿದ್ಯುತ್ತಿನ ಮೂಲವನ್ನು ಸಂಶಯಿಸುವವರು ಕಡಿಮೆ, ಆದರೆ ತೊಂದರೆ ಅಲ್ಲಿಯೂ ಇರಬಹುದು. ಲ್ಯಾಪ್‌ಟಾಪಿನ ಯುಎಸ್‌ಬಿ 2.0 ಕಿಂಡಿ ಕೊಡುವುದು 500 ಮಿಲಿಆಂಪಿಯರ್ ಮಾತ್ರ, ಮತ್ತು ಲ್ಯಾಪ್‌ಟಾಪು ನಿದ್ರಾಸ್ಥಿತಿಗೆ ಹೋದಾಗ ಅದೂ ನಿಲ್ಲಬಹುದು. ಪವರ್ ಬ್ಯಾಂಕಿನ ತೊಡಕು ಇದಕ್ಕಿಂತ ವಿಚಿತ್ರವಾದದ್ದು: ಹರಿಯುವ ಪ್ರವಾಹ ತೀರ ಸಣ್ಣದಾದಾಗ ಫೋನು ತುಂಬಿತೆಂದೋ ಕೇಬಲ್ ಕಳಚಿತೆಂದೋ ಭಾವಿಸಿ ಅನೇಕ ಪವರ್ ಬ್ಯಾಂಕುಗಳು ತಾವಾಗಿಯೇ ಆಫ್ ಆಗುತ್ತವೆ. ವಾಚು ಬೇಡುವ ಪ್ರವಾಹ ಅಷ್ಟು ಸಣ್ಣದೇ ಆದ್ದರಿಂದ ರಾತ್ರಿಯಿಡೀ ಸಿಕ್ಕಿಸಿಟ್ಟರೂ ಬೆಳಿಗ್ಗೆ ಅರ್ಧವೂ ತುಂಬಿರುವುದಿಲ್ಲ. ಕೆಲವು ಪವರ್ ಬ್ಯಾಂಕುಗಳಲ್ಲಿ ಗುಂಡಿಯನ್ನು ಎರಡು ಬಾರಿ ಒತ್ತಿದರೆ ಸಣ್ಣ ಉಪಕರಣಗಳಿಗೆಂದೇ ಇರುವ ವಿಧಾನ ಚಾಲೂ ಆಗುತ್ತದೆ. ಅದಿಲ್ಲದಿದ್ದರೆ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ 5 ವೋಲ್ಟಿನ ಅಡಾಪ್ಟರೇ ಉತ್ತಮ.

ಬಿಸಿಯ ವಿಷಯವನ್ನು ಇನ್ನಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕು. ಸಾಮಾನ್ಯ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಚಾರ್ಜ್ ಮಾಡಲು ಒಪ್ಪುವ ಉಷ್ಣತೆ 0ಯಿಂದ 45 ಡಿಗ್ರಿ ಸೆಲ್ಸಿಯಸ್, ಆದರೆ ಇದು ಬ್ಯಾಟರಿಯ ಉಷ್ಣತೆಯೇ ಹೊರತು ಕೋಣೆಯದಲ್ಲ. ಏಪ್ರಿಲ್-ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಂಥ ಊರುಗಳಲ್ಲಿ ವಾಚು ಚಾರ್ಜರಿನ ಮೇಲೆ ಕೂರುವ ಮೊದಲೇ ಆ ಮಿತಿಯ ಹತ್ತಿರ ಇರುತ್ತದೆ, ಚಾರ್ಜಿಂಗಿನ ಬಿಸಿ ಸೇರಿದೊಡನೆ ಒಳಗಿನ ನಿಯಂತ್ರಕ ಪ್ರವಾಹವನ್ನು ತಗ್ಗಿಸುತ್ತದೆ ಅಥವಾ ನಿಲ್ಲಿಸುತ್ತದೆ. ಫೋನು, ಇಯರ್‌ಬಡ್, ವಾಚು ಮೂರನ್ನೂ ಒಟ್ಟಿಗೆ ಚಾರ್ಜ್ ಮಾಡುವ ಸ್ಟ್ಯಾಂಡುಗಳಲ್ಲಿ ಪಕ್ಕದ ಫೋನಿನ ಬಿಸಿಯೂ ವಾಚಿಗೆ ತಗಲುತ್ತದೆ. ನೆರಳಿನಲ್ಲಿ, ಫ್ಯಾನಿನ ಗಾಳಿ ಬರುವ ಗಟ್ಟಿ ಮೇಜಿನ ಮೇಲೆ, ಕವಚ ತೆಗೆದು ಇಟ್ಟರೆ ಸಾಕು. ಬೇಗ ತಣಿಸಲು ಫ್ರಿಜ್ಜಿನೊಳಗೆ ಇಟ್ಟರೆ ಹೊರತೆಗೆದಾಗ ಒಳಗೂ ಹೊರಗೂ ನೀರಹನಿ ಕೂತು ಹೊಸ ತೊಂದರೆ ಹುಟ್ಟುತ್ತದೆ.

ತಂತ್ರಾಂಶದಿಂದ ಬರುವ ನಿಧಾನವನ್ನು ಗುರುತಿಸುವುದು ಸುಲಭ. ಅಂಕಿ ಯಾವಾಗಲೂ ಶೇಕಡಾ 80ರ ಆಸುಪಾಸಿನಲ್ಲೇ ನಿಲ್ಲುತ್ತಿದ್ದರೆ ಅದು ಬ್ಯಾಟರಿಯ ಆಯುಸ್ಸು ಹೆಚ್ಚಿಸಲು ತಯಾರಕರೇ ಕೊಟ್ಟ ರಕ್ಷಣಾ ಸೌಲಭ್ಯವಾಗಿರುವ ಸಾಧ್ಯತೆ ಹೆಚ್ಚು, ಸೆಟ್ಟಿಂಗಿನ ಬ್ಯಾಟರಿ ವಿಭಾಗದಲ್ಲಿ ಅದು ಕಾಣಿಸುತ್ತದೆ. ಚಾರ್ಜ್ ಆಗುತ್ತಿರುವಾಗಲೇ ಅಪ್‌ಡೇಟ್ ಇಳಿಯುತ್ತಿದ್ದರೆ ಅಥವಾ ಪರದೆ ಸದಾ ಬೆಳಗುತ್ತಿದ್ದರೆ, ಒಳಬಂದದ್ದರಲ್ಲಿ ಒಂದು ಭಾಗ ಅಲ್ಲಿಗೇ ಖರ್ಚಾಗುತ್ತದೆ.

ದೋಷ ಎಲ್ಲಿದೆಯೆಂದು ನಿರ್ಧರಿಸಲು ಅಳತೆ ಬೇಕು, ಮತ್ತು ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸುವ ತಾಳ್ಮೆ ಬೇಕು. ವಾಚನ್ನು ಒರೆಸಿ, ಒಮ್ಮೆ ರೀಸ್ಟಾರ್ಟ್ ಮಾಡಿ, ಶೇಕಡಾ 20ರಿಂದ 50ಕ್ಕೆ ಏರಲು ಹಿಡಿಯುವ ಸಮಯವನ್ನು ಬರೆದಿಟ್ಟುಕೊಳ್ಳಬೇಕು. ಕೊನೆಯ ಭಾಗ ಹೇಗೂ ನಿಧಾನವಾದ್ದರಿಂದ ಅಲ್ಲಿ ಅಳೆದರೆ ಏನೂ ತಿಳಿಯದು. ಅನಂತರ ಅಡಾಪ್ಟರನ್ನು ಮಾತ್ರ ಬದಲಿಸಿ, ಆಮೇಲೆ ಅದೇ ಮಾದರಿಯ ಇನ್ನೊಂದು ಕೇಬಲನ್ನು ಎರವಲು ತಂದು, ಇದೇ ಅಳತೆಯನ್ನು ಮತ್ತೆ ಮಾಡಬೇಕು. ಇವೆಲ್ಲ ಆದರೂ ಸಮಯ ಬದಲಾಗದೆ, ಜೊತೆಗೆ ಹಿಂದೆ ಎರಡು ದಿನ ಬರುತ್ತಿದ್ದ ಚಾರ್ಜು ಒಂದೇ ದಿನಕ್ಕೆ ಮುಗಿಯುತ್ತಿದ್ದರೆ ಬ್ಯಾಟರಿ ಮುಪ್ಪಾಗಿದೆ ಎನ್ನಬಹುದು. ಹಳೆಯ ಬ್ಯಾಟರಿಯ ಒಳತಡೆ ಹೆಚ್ಚಿರುವುದರಿಂದ ವೋಲ್ಟೇಜ್ ಬೇಗನೆ ಮೇಲ್ಮಿತಿ ಮುಟ್ಟಿ, ನಿಧಾನದ ಎರಡನೆಯ ಹಂತ ಮೊದಲಿಗಿಂತ ಮುಂಚೆಯೇ ಶುರುವಾಗುತ್ತದೆ.

ಆಗ ಬ್ಯಾಟರಿ ಬದಲಿಸುವುದೊಂದೇ ದಾರಿ, ಆದರೆ ಮನೆಯಲ್ಲಿ ವಾಚನ್ನು ಬಿಚ್ಚಿದರೆ ನೀರು ತಡೆಯುವ ಅಂಟಿನ ಮುದ್ರೆ ಹೋಗುತ್ತದೆಯಾದ್ದರಿಂದ ಆ ಕೆಲಸವನ್ನು ತಯಾರಕರ ಸರ್ವಿಸ್ ಸೆಂಟರಿಗೆ ಬಿಡಬೇಕು. ಪರದೆ ಅಥವಾ ಹಿಂಬದಿಯ ಮುಚ್ಚಳ ಉಬ್ಬಿ ಮೇಲೆದ್ದಿದ್ದರೆ ಒಳಗೆ ಅನಿಲ ತುಂಬಿ ಬ್ಯಾಟರಿ ಊದಿಕೊಂಡಿದೆಯೆಂದು ತಿಳಿದು, ಚಾರ್ಜ್ ಮಾಡುವುದನ್ನೂ ಕೈಗೆ ಕಟ್ಟುವುದನ್ನೂ ಅಂದೇ ನಿಲ್ಲಿಸಬೇಕು, ಅದನ್ನು ಒತ್ತಿ ಕೂರಿಸಲು ಯತ್ನಿಸಬಾರದು. ತೆಗೆದ ಬ್ಯಾಟರಿ ಕಸದ ಬುಟ್ಟಿಗೆ ಸೇರುವ ವಸ್ತುವಲ್ಲ. ಭಾರತದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನು ಮರಳಿ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿರುವುದರಿಂದ, ಸರ್ವಿಸ್ ಸೆಂಟರಿನಲ್ಲಿಯೇ ಅದನ್ನು ಒಪ್ಪಿಸಿ ಬರಬಹುದು.