ಶೈಶವದಲ್ಲಿ ಸಿರೊಟೋನಿನ್: ಇಲಿಮರಿಗಳ ಸ್ವಭಾವವನ್ನು ಕುರಿತ ಕೆಲವು ಪ್ರಯೋಗಗಳು

ಇತಿಹಾಸದ ಅಧ್ಯಾಪಕನೊಬ್ಬನು ಇಲಿಮರಿಗಳ ಮೆದುಳನ್ನು ಕುರಿತು ಬರೆಯಹೊರಡುವುದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಬಹುದು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಕಡೆಯಿಂದ ನಮ್ಮ ತರಗತಿಗೆ ಬರುವ ವಿದ್ಯಾರ್ಥಿಗಳ ಪ್ರಶ್ನೆಯೊಂದು ಈ ಲೇಖನಕ್ಕೆ ಕಾರಣ. ನೀರಾವರಿಯಿಲ್ಲದ ಊರುಗಳಿಂದ ಕಂಕುಳ ಕೂಸನ್ನೆತ್ತಿಕೊಂಡು ಗುಳೆ ಹೋಗುವ ಕುಟುಂಬಗಳನ್ನು ಅವರು ಚಿಕ್ಕಂದಿನಿಂದಲೂ ಕಂಡವರು. ಶೈಶವದ ಕಷ್ಟವು ಮೆದುಳಿನಲ್ಲಿ ಅಳಿಯದ ಗುರುತನ್ನುಳಿಸುತ್ತದೆಂದು ಎಲ್ಲಿಯೋ ಓದಿ, ‘ಹಾಗಾದರೆ ನಮ್ಮೂರ ಮಕ್ಕಳ ಗತಿಯೇನು?’ ಎಂದು ಕೇಳಿದರು. ಉತ್ತರ ಹೇಳುವ ಮುನ್ನ ಆಧಾರಗಳನ್ನು ಪರೀಕ್ಷಿಸುವುದು ನಮ್ಮ ಶಾಸ್ತ್ರದ ಪದ್ಧತಿ. ಇಲ್ಲಿನ ಆಧಾರಗಳು ಬಹುಮಟ್ಟಿಗೆ ಇಲಿಗಳಿಂದ ದೊರೆತವು.

ನರಕೋಶಗಳು ಒಂದಕ್ಕೊಂದು ಸಂದೇಶ ಕಳುಹಿಸಲು ಬಳಸುವ ರಾಸಾಯನಿಕ ವಸ್ತುಗಳಲ್ಲಿ ಸಿರೊಟೋನಿನ್ ಒಂದು. ಇಟಲಿಯ ಎರ್‌ಸ್ಪಾಮರ್ 1930ರ ದಶಕದಲ್ಲಿಯೇ ಕರುಳಿನ ಒಳಪದರದಲ್ಲಿ ಒಂದು ವಸ್ತುವನ್ನು ಕಂಡು ಅದನ್ನು ‘ಎಂಟರಮಿನ್’ ಎಂದು ಕರೆದಿದ್ದರು. 1948ರಲ್ಲಿ ಅಮೆರಿಕದ ರ‍್ಯಾಪೋರ್ಟ್, ಗ್ರೀನ್, ಪೇಜ್ ಎಂಬುವರು ರಕ್ತದಿಂದ ನಾಳಗಳನ್ನು ಸಂಕೋಚಗೊಳಿಸುವ ವಸ್ತುವನ್ನು ಬೇರ್ಪಡಿಸಿ ‘ಸಿರೊಟೋನಿನ್’ ಎಂದು ಹೆಸರಿಟ್ಟರು. ಎರಡೂ ಒಂದೇ ವಸ್ತುವೆಂಬುದು 1952ರಲ್ಲಿ ಸ್ಥಿರಪಟ್ಟಿತು. ‘ದೇವಾನಾಂಪ್ರಿಯ’ನೆಂಬ ಬಿರುದಿನ ಅರಸನೂ ಅಶೋಕನೂ ಒಬ್ಬನೇ ಎಂಬುದಕ್ಕೆ 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನವು ಸಾಕ್ಷ್ಯ ನುಡಿದ ಪ್ರಸಂಗವನ್ನು ನಮ್ಮ ವಿದ್ಯಾರ್ಥಿಗಳು ಇಲ್ಲಿ ನೆನೆಯದಿರಲಾರರು. ಮರುವರ್ಷ, ಅಂದರೆ 1953ರಲ್ಲಿ, ಬೆಟ್ಟಿ ಟ್ವಾರೋಗ್ ಮತ್ತು ಪೇಜ್ ಈ ವಸ್ತುವು ಸಸ್ತನಿಗಳ ಮೆದುಳಿನಲ್ಲಿಯೂ ಇದೆಯೆಂದು ತೋರಿಸಿದರು.

ಬೆಳೆದ ಮೆದುಳಿನಲ್ಲಿ ಸಂದೇಶವಾಹಕವಾಗಿರುವ ಈ ವಸ್ತುವು ಎಳೆಯ ಮೆದುಳಿನಲ್ಲಿ ಶಿಲ್ಪಿಯ ಕೆಲಸವನ್ನೂ ಮಾಡುತ್ತದೆ. ಯಾವ ನರತಂತು ಎಲ್ಲಿಗೆ ಹೋಗಿ ನೆಲೆಸಬೇಕೆಂಬುದರಲ್ಲಿ ಅದರ ಪಾತ್ರವುಂಟು. ಸಿರೊಟೋನಿನ್ನನ್ನು ಕರಗಿಸುವ ಕಿಣ್ವವಿಲ್ಲದೆ ಹುಟ್ಟಿದ ಚುಂಡಿಲಿಗಳ ಮೆದುಳಿನಲ್ಲಿ ಮೀಸೆಗೂದಲುಗಳ ಸ್ಪರ್ಶವನ್ನು ಗ್ರಹಿಸುವ ಭಾಗವು ಸರಿಯಾಗಿ ರೂಪುಗೊಳ್ಳಲಿಲ್ಲ. ಹುಟ್ಟಿದ ಕೂಡಲೇ ಔಷಧದಿಂದ ಸಿರೊಟೋನಿನ್ನನ್ನು ತಗ್ಗಿಸಿದಾಗ ಅದು ರೂಪುಗೊಂಡಿತು. 1990ರ ದಶಕದ ಈ ಶೋಧವು, ಈ ವಸ್ತುವಿನ ಕೊರತೆಯಂತೆ ಆಧಿಕ್ಯವೂ ದೋಷಕರವೆಂದು ತಿಳಿಸಿತು.

ಇನ್ನು ಸ್ವಭಾವದ ಮಾತು. ಖಿನ್ನತೆಗೆ ಕೊಡುವ ಕ್ಲೋಮಿಪ್ರಮೀನ್ ಎಂಬ ಔಷಧವು, ಬಿಡುಗಡೆಯಾದ ಸಿರೊಟೋನಿನ್ನನ್ನು ನರಕೋಶವು ಮರಳಿ ಹೀರಿಕೊಳ್ಳದಂತೆ ತಡೆಯುತ್ತದೆ. ಬೆಳೆದವರಲ್ಲಿ ಇದರಿಂದ ದುಗುಡ ಕಡಿಮೆಯಾಗುತ್ತದೆ. ಆದರೆ ಇದನ್ನೇ ಹುಟ್ಟಿದ 8ನೆಯ ದಿನದಿಂದ 21ನೆಯ ದಿನದವರೆಗೆ ಇಲಿಮರಿಗೆ ಕೊಟ್ಟರೆ, ಔಷಧವನ್ನು ನಿಲ್ಲಿಸಿ ವಾರಗಳುರುಳಿದ ಮೇಲೆ, ಅದು ಖಿನ್ನ ಸ್ವಭಾವದ ಇಲಿಯಾಗಿ ಬೆಳೆದು ನಿಲ್ಲುತ್ತದೆ. ನೀರಿನಲ್ಲಿ ಬಿಟ್ಟಾಗ ಈಜುವ ಯತ್ನವನ್ನು ಬೇಗನೆ ಕೈಬಿಡುತ್ತದೆ. ಸಕ್ಕರೆ ನೀರಿನ ಮೇಲಣ ಆಸೆಯೂ ಕುಗ್ಗುತ್ತದೆ. (ತೇಲುತ್ತ ಸುಮ್ಮನಿರುವ ಇಲಿಯು ನಿರಾಶೆಗೊಂಡಿದೆಯೋ ಶಕ್ತಿಯನ್ನು ಉಳಿಸಿಕೊಳ್ಳುತ್ತಿದೆಯೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮೂಕ ಸಾಕ್ಷಿಯ ಬಾಯಿಗೆ ಮಾತು ತುರುಕುವ ಅಪಾಯ ನಮ್ಮ ಶಾಸ್ತ್ರಕ್ಕೆ ಮಾತ್ರ ಸೀಮಿತವಲ್ಲ.)

ಈ ಪ್ರಯೋಗದ ಮೂಲವನ್ನು ಹುಡುಕಿದರೆ ಒಂದು ಸೋಜಿಗ ಕಾಣುತ್ತದೆ. 1981ರಲ್ಲಿ ಮಿರ್ಮಿರಾನ್ ಮತ್ತು ಸಂಗಡಿಗರೂ, 1990ರಲ್ಲಿ ವೋಗೆಲ್ ಮತ್ತು ಸಂಗಡಿಗರೂ ಈ ಔಷಧವನ್ನು ಬಳಸಿದ್ದು ಮರಿಗಳ ಕನಸಿನ ನಿದ್ರೆಯನ್ನು ಅಡಗಿಸುವುದಕ್ಕಾಗಿ. ಹಾಗಿದ್ದ ಮೇಲೆ ಕೇಡಿಗೆ ಕಾರಣ ಸಿರೊಟೋನಿನ್ನೋ, ಕಳೆದುಹೋದ ನಿದ್ರೆಯೋ? ಈ ಸಂದೇಹವನ್ನು ಬಹುಮಟ್ಟಿಗೆ ನಿವಾರಿಸಿದ್ದು 2004ರಲ್ಲಿ ಆನ್ಸೋರ್ಗೆ ಮತ್ತು ಸಂಗಡಿಗರು ಚುಂಡಿಲಿಗಳ ಮೇಲೆ ನಡೆಸಿದ ಪ್ರಯೋಗ. ಶೈಶವದಲ್ಲಿ ಫ್ಲುಯೊಕ್ಸೆಟಿನ್ ಪಡೆದವು ಬೆಳೆದ ಮೇಲೆ ಅಂಜುಬುರುಕವಾದವು. ಸಿರೊಟೋನಿನ್ ಮರುಹೀರಿಕೆಯ ದ್ವಾರವೇ ಹುಟ್ಟಿನಿಂದ ಇಲ್ಲದವುಗಳ ಮೇಲೆ ಮಾತ್ರ ಆ ಔಷಧವು ಹೆಚ್ಚಿನ ಯಾವ ಪರಿಣಾಮವನ್ನೂ ಉಂಟುಮಾಡಲಿಲ್ಲ.

ಔಷಧದ ಮಾತು ಹಾಗಿರಲಿ, ತಾಯಿಯ ಅಗಲಿಕೆಯೂ ಇದೇ ದಾರಿಯಲ್ಲಿ ಕೆಲಸ ಮಾಡುವುದೇ? ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿದಿತಾ ವೈದ್ಯ ಅವರೂ ಅವರ ಸಂಗಡಿಗರೂ ಇದನ್ನು ಪರಿಶೀಲಿಸಿ 2011ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೊದಲ ಎರಡು ವಾರಗಳಲ್ಲಿ ದಿನವೂ ಕೆಲವು ಗಂಟೆ ತಾಯಿಯಿಂದ ಅಗಲಿಸಿದ ಮರಿಗಳು ದೊಡ್ಡವಾದಾಗ ಹೆಚ್ಚು ಅಂಜುತ್ತವೆ. ಆದರೆ ಅದೇ ಅವಧಿಯಲ್ಲಿ ಸಿರೊಟೋನಿನ್ನಿನ ಎರಡನೆಯ ಬಗೆಯ ಗ್ರಾಹಕಗಳನ್ನು ಕೀಟಾನ್ಸೆರಿನ್ ಎಂಬ ಔಷಧದಿಂದ ಮುಚ್ಚಿದಾಗ ಆ ಅಂಜಿಕೆ ತಲೆದೋರಲಿಲ್ಲ.

ಇಷ್ಟರಿಂದಲೇ ಶೈಶವದ ಸಿರೊಟೋನಿನ್ ಕೇಡೆಂದು ತೀರ್ಮಾನಿಸುವಂತಿಲ್ಲ. ಕೆನಡಾದ ಮೀನಿ ಮತ್ತು ಸಂಗಡಿಗರು, ತಾಯಿ ಹೆಚ್ಚಾಗಿ ನೆಕ್ಕಿ ಸಲಹಿದ ಮರಿಗಳು ಒತ್ತಡದಿಂದ ಬೇಗ ಚೇತರಿಸಿಕೊಳ್ಳುವುದನ್ನು ಕಂಡರು. ಆ ನೆಕ್ಕುವಿಕೆಯು ಮರಿಯ ಹಿಪ್ಪೊಕ್ಯಾಂಪಸ್ಸಿಗೆ ತನ್ನ ಪ್ರಭಾವವನ್ನು ಮುಟ್ಟಿಸುವುದೂ ಸಿರೊಟೋನಿನ್ನಿನ ಮೂಲಕವೇ. ಯಾವ ಗ್ರಾಹಕ, ಯಾವ ಸ್ಥಾನ, ಯಾವ ದಿನ ಎಂಬುದರ ಮೇಲೆ ಫಲವು ನಿಂತಿದೆ.

ಈಗ ವಿದ್ಯಾರ್ಥಿಗಳ ಪ್ರಶ್ನೆಗೆ ಬರೋಣ. ನವಜಾತ ಇಲಿಮರಿಯ ಮೆದುಳು ಮನುಷ್ಯ ಶಿಶುವಿಗಿಂತ ಅಪಕ್ವವಾದುದು. ಅದರ ಮೊದಲ ವಾರಗಳು ಸ್ಥೂಲವಾಗಿ ನಮ್ಮ ಗರ್ಭಾವಸ್ಥೆಯ ಕೊನೆಯ ತಿಂಗಳುಗಳಿಗೆ ಸಮಾನ. ಆದಕಾರಣ ಈ ಪ್ರಯೋಗಗಳು ನೇರವಾಗಿ ಮುಟ್ಟುವುದು, ಇಂತಹ ಔಷಧವನ್ನು ಸೇವಿಸುವ ಗರ್ಭಿಣಿಯರ ವಿಷಯವನ್ನು. ಅಲ್ಲಿಯೂ ಅವಸರ ಸಲ್ಲದು: ಚಿಕಿತ್ಸೆಯಿಲ್ಲದ ಖಿನ್ನತೆಯೂ ತಾಯಿಗೂ ಕೂಸಿಗೂ ಹಾನಿಕರ. ವೈದ್ಯರನ್ನು ಕೇಳದೆ ಔಷಧವನ್ನು ನಿಲ್ಲಿಸುವುದಕ್ಕೆ ಇಲಿಗಳ ಸಾಕ್ಷ್ಯವು ಆಧಾರವಾಗಲಾರದು.

ಗುಳೆ ಹೋಗುವವರ ಕೂಸು ಪ್ರಯೋಗಶಾಲೆಯ ಒಂಟಿ ಮರಿಯಲ್ಲ. ಅದು ಕಟ್ಟಡದ ಕೆಲಸದೆಡೆಯಲ್ಲಿ ಸೀರೆಯ ಜೋಳಿಗೆಯಲ್ಲಿ, ತಾಯಿಯ ಕಣ್ಣಳತೆಯಲ್ಲಿರುತ್ತದೆ. ಊರಲ್ಲಿ ಉಳಿದರೆ ಅಜ್ಜಿಯ ಮಡಿಲಲ್ಲಿರುತ್ತದೆ. ಅದರ ಹಸಿವು, ಧೂಳು, ತಪ್ಪಿದ ಅಂಗನವಾಡಿ ಇವೆಲ್ಲ ನಿಜವಾದ ಕಷ್ಟಗಳು. ಅವನ್ನು ಅರಿಯಲು ಇಲಿಯ ಅಗತ್ಯವಿಲ್ಲ. ಅಳಿಯದ ಗುರುತೆಂಬ ಮಾತಿಗೆ ಬಂದರೆ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನರಶರೀರಕ್ರಿಯಾ ವಿಭಾಗದಲ್ಲಿ ಭಾಗ್ಯ, ಶ್ರೀಕುಮಾರ್, ರಾಜು, ಶಂಕರನಾರಾಯಣ ರಾವ್ ಇವರು ನಡೆಸಿ 2011ರಲ್ಲಿ ಪ್ರಕಟಿಸಿದ ಕಾರ್ಯವನ್ನು ಓದಬೇಕು. ಶೈಶವದಲ್ಲಿ ಕ್ಲೋಮಿಪ್ರಮೀನ್ ಪಡೆದು ಖಿನ್ನವಾಗಿ ಬೆಳೆದ ಇಲಿಗಳು ದಾರಿಯನ್ನು ಕಲಿತು ನೆನಪಿಡುವುದರಲ್ಲಿ ಹಿಂದುಳಿದಿದ್ದವು. ಪ್ರಾಯಕ್ಕೆ ಬಂದ ಮೇಲೆ ಅವಕ್ಕೆ ಎಸ್ಸಿಟಾಲೊಪ್ರಾಮ್ ಎಂಬ, ಸಿರೊಟೋನಿನ್ನಿನ ಮರುಹೀರಿಕೆಯನ್ನು ತಡೆಯುವ ಔಷಧವನ್ನೇ ಕೆಲಕಾಲ ಕೊಟ್ಟಾಗ ಆ ಕಲಿಕೆಯು ಮರಳಿತು. ಹಿಪ್ಪೊಕ್ಯಾಂಪಸ್ಸಿನ ನರಕೋಶಗಳ ನಡುವಣ ಸಂಪರ್ಕವು ಬಲಗೊಳ್ಳುವ ಶಕ್ತಿಯೂ ಮರಳಿತು.